ಕಕ್ಕೆಯ ಲೆಕ್ಕ, ಕರಡಿಯ ಹೊಟ್ಟೆ

ಸಂಕ್ರಾಂತಿಗೆ ಎಲಚಿ ಹಣ್ಣು, ಮಳೆ ಹಿಡಿದ ಮೇಲೆ ನೇರಳೆ. ಶಿವಾಜಿನಗರದ ತಳ್ಳುಗಾಡಿಗಳನ್ನು ನೋಡಿದರೆ ಸಾಕು, ಯಾವ ತಿಂಗಳೆಂದು ಹೇಳಬಹುದು. ಕಾಡಿನಲ್ಲಿ ಇದೇ ಪಂಚಾಂಗವನ್ನು ನಂಬಿ ಬದುಕುವ ಪ್ರಾಣಿ ನಮ್ಮ ಕರಡಿ. ಹಂಪಿಗೆ ಹತ್ತಿರದ ದರೋಜಿಯ ಬಂಡೆಗುಡ್ಡಗಳಲ್ಲಿ 1994ರಿಂದ ಅದಕ್ಕೆಂದೇ ಒಂದು ಧಾಮವಿದೆ.

ಕರಡಿಯ ಬಾಯಿ ಗೆದ್ದಲಿಗೆ ಒಗ್ಗಿದ್ದು. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳೇ ಇಲ್ಲ. ಆ ಸಂದಿನಿಂದ ಹುತ್ತದೊಳಗಿನ ಹುಳುಗಳನ್ನು ಸೊರ್ರೆಂದು ಎಳೆದುಕೊಳ್ಳುತ್ತದೆ. ಹಣ್ಣಿನ ಕಾಲ ಬಂದರೆ ಮಾತ್ರ ಎಲಚಿ, ಕವಳೆ, ನೇರಳೆ ಯಾವುದನ್ನೂ ಬಿಡದು.

ಕಕ್ಕೆಯನ್ನಂತೂ ಬಿಡುವುದೇ ಇಲ್ಲ. ಬೇಸಿಗೆಯಲ್ಲಿ ಇಂದಿರಾನಗರದ ರಸ್ತೆಗಳಲ್ಲೂ ಹಳದಿ ಗೊಂಚಲು ಇಳಿಬಿಡುವ ಮರವೇ ಇದು. ಹೂವು ಉದುರಿದ ಮೇಲೆ ಹಸಿರು ಕೋಲಿನಂಥ ಕಾಯಿ ಮೂಡಿ, ಮಾಗಿ ಕಪ್ಪಾಗಲು ಹಲವು ತಿಂಗಳು ಬೇಕು. ಒಳಗೆ ಬಿಲ್ಲೆ ಬಿಲ್ಲೆಯಾಗಿ ಅಂಟಂಟು ಸಿಹಿ ತಿರುಳು. ನಾಟಿವೈದ್ಯರು ಭೇದಿಗೆ ಕೊಡುವ ಈ ತಿರುಳನ್ನು ಕರಡಿ ಆಸೆಪಟ್ಟು ತಿನ್ನುತ್ತದೆ! ಈ ವರ್ಷ ಹೂವು ಕಡಿಮೆಯಾದರೆ ಮುಂದೆ ಕಾಯಿಗೂ ಬರ ಎಂಬುದು ತಿಂಗಳುಗಟ್ಟಲೆ ಮುಂಚೆಯೇ ತಿಳಿಯುತ್ತದೆ.

ಹಾಗಾಗಿ ಸಂಶೋಧಕರು ಎರಡು ಕಡೆ ಲೆಕ್ಕ ಇಡುತ್ತಾರೆ. ಗುರುತು ಹಾಕಿದ ಮರಗಳನ್ನು ತಿಂಗಳು ತಿಂಗಳೂ ನೋಡಿ ಹೂವು, ಕಾಯಿ, ಹಣ್ಣಿನ ಪ್ರಮಾಣ ಬರೆದುಕೊಳ್ಳುವುದು ಒಂದು. ಕರಡಿಯ ಹಿಕ್ಕೆಯನ್ನು ಜರಡಿಯಲ್ಲಿ ತೊಳೆದು ಬೀಜ, ಗೆದ್ದಲಿನ ತಲೆಚಿಪ್ಪುಗಳನ್ನು ಬೇರೆ ಮಾಡುವುದು ಇನ್ನೊಂದು. ಇದರಲ್ಲಿ ಎಚ್ಚರ ಬೇಕು: ಗಟ್ಟಿ ಬೀಜ ಹಾಗೇ ಉಳಿಯುತ್ತದೆ, ಮೆತ್ತನೆಯ ಹುಳು ಕರಗಿಹೋಗುತ್ತದೆ. ಕಣ್ಣಿಗೆ ಬಿದ್ದದ್ದನ್ನಷ್ಟೇ ಎಣಿಸಿದರೆ ಕರಡಿ ಬರೀ ಹಣ್ಣು ತಿಂದಂತೆ ಕಾಣುತ್ತದೆ.

ಕಾಡಿನಲ್ಲಿ ಹಣ್ಣು ಸಾಲದಾದಾಗ ಕರಡಿ ಕಡಲೆಕಾಯಿ, ಮೆಕ್ಕೆಜೋಳದ ಹೊಲಕ್ಕೆ ಇಳಿಯುತ್ತದೆ. ನಸುಕಿನಲ್ಲಿ ಹೊಲಕ್ಕೆ ಹೊರಟ ರೈತನಿಗೆ ಅದು ಎದುರಾಗುವುದು ಆಗಲೇ. ಜಪಾನಿನಲ್ಲಿ ಹಲವು ಪ್ರಾಂತ್ಯಗಳು ಬೀಚ್, ಓಕ್ ಮರಗಳ ಫಸಲನ್ನು ಮೊದಲೇ ಸಮೀಕ್ಷೆ ಮಾಡಿ, ಫಸಲು ಕೈಕೊಡುವ ವರ್ಷ ಜನರಿಗೆ ಎಚ್ಚರಿಕೆ ಕೊಡುತ್ತವೆ. ಗುಡ್ಡದಂಚಿನ ನಮ್ಮ ಊರುಗಳಿಗೂ ಅಂಥ ಮುನ್ಸೂಚನೆ ಬೇಕೇಬೇಕು.

ಅದಕ್ಕೆ ವರ್ಷಗಟ್ಟಲೆ ಮರ ನೋಡುವ ಕಣ್ಣುಗಳು ಬೇಕು. ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ದೇಶದ ಯಾರಾದರೂ ಒಂದು ಮರವನ್ನು ನೋಂದಾಯಿಸಿ, ವಾರಕ್ಕೊಮ್ಮೆ ನೋಡಿ, ಎಲೆ, ಹೂವು, ಹಣ್ಣು ‘ಇಲ್ಲ’, ‘ಕಡಿಮೆ’, ‘ಹೆಚ್ಚು’ ಎಂದು ಗುರುತಿಸಬಹುದು. ಅದರ ಪಟ್ಟಿಯಲ್ಲಿ ಕಕ್ಕೆಯೂ ಇದೆ. ಹಲಸೂರಿನಲ್ಲೋ ಕೆ.ಆರ್. ಪುರದಲ್ಲೋ ಮನೆಮುಂದೆ ಕಕ್ಕೆ ಇರುವವರು ಈ ವಾರವೇ ತಲೆಯೆತ್ತಿ ನೋಡಿ ಶುರುಮಾಡಬಹುದು.