ಒಂದು ಹಿಡಿ ರಾಗಿ, ನಾಲ್ಕು ಮೇಣದಬತ್ತಿ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಚಂದ್ರಾ ಲೇಔಟಿನ ಕ್ರೈಸ್ತ ಮನೆಗಳಲ್ಲಿ ಯಾರಿಗೂ ಪುರುಸೊತ್ತಿಲ್ಲ. ಮಕ್ಕಳ ಪರೀಕ್ಷೆ, ಆಫೀಸಿನ ವರ್ಷಾಂತ್ಯದ ಒತ್ತಡ, ಬಟ್ಟೆ ಖರೀದಿ, ಕಲ್‌ಕಲ್, ರೋಸ್ ಕುಕ್ಕಿ, ಕ್ಯಾರೆಲ್ಸ್ ತಂಡ ಬರುವ ಸಂಜೆಗೆ ಮನೆ ಒಪ್ಪ ಮಾಡುವ ಕೆಲಸ. ಈ ಗಡಿಬಿಡಿಯಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರ ಶುರುವಾಗುವ ಈ ಕಾಲಕ್ಕೆ ನಾಲ್ಕು ಭಾನುವಾರ. ವರ್ಷಕ್ಕೆ ತಕ್ಕಂತೆ 22ರಿಂದ 28 ದಿನ. ಕಾಯುವುದಕ್ಕೆಂದೇ ಎತ್ತಿಟ್ಟ ದಿನಗಳಿವು. ಬಿಡುವಾದಾಗ ಪ್ರಾರ್ಥಿಸೋಣ ಎಂದರೆ ಆ ಬಿಡುವು ಜನವರಿಗೇ ಸಿಗುವುದು. ಹೇಗೂ ಮಾಡಲೇಬೇಕಾದ ಕೆಲಸಕ್ಕೇ ಪ್ರಾರ್ಥನೆಯನ್ನು ಜೋಡಿಸಿಕೊಳ್ಳುವುದು ಒಳ್ಳೆಯದು.

ಅಂಥ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರಾಗಿ ಚೆಲ್ಲುವ ಪದ್ಧತಿ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೋದಲಿಯ ಸುತ್ತ ಹಸಿರು ಹುಲ್ಲು ಕಾಣಲೆಂದು ಬೆಂಗಳೂರಿನ ಅನೇಕ ಮನೆಗಳಲ್ಲಿ ರಾಗಿ ಬೆಳೆಸುತ್ತಾರೆ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಕಣ್ಣು ಬಿಟ್ಟ ಮೇಲೆ ತಟ್ಟೆಯ ಮಣ್ಣಿಗೆ ಚೆಲ್ಲಿ ದಿನಾ ನೀರು ಚಿಮುಕಿಸಿದರೆ ಹತ್ತು ಹನ್ನೆರಡು ದಿನಕ್ಕೆ ಪೈರು ನೆಟ್ಟಗೆ ನಿಲ್ಲುತ್ತದೆ. ನೀರು ಹಾಕುವ ಕೆಲಸ ಮಕ್ಕಳದ್ದಾಗಲಿ. ಹಾಕುವಾಗ ಒಬ್ಬರ ಹೆಸರು ಹೇಳಿ ಅವರಿಗಾಗಿ ಬೇಡಿಕೊಳ್ಳಲಿ: ಇವತ್ತು ಅಜ್ಜಿ, ನಾಳೆ ಕಸ ಒಯ್ಯಲು ಬರುವ ಅಕ್ಕ, ನಾಡಿದ್ದು ಜಗಳವಾಡಿದ ಗೆಳೆಯ. ಕೇಳಿದ ಸಾಮಾನು ಹತ್ತು ನಿಮಿಷಕ್ಕೆ ಬಾಗಿಲಿಗೆ ಬರುವ ಊರಿನಲ್ಲಿ ಬೆಳೆಯುವ ಮಗುವಿಗೆ ಅವಸರಿಸಲಾಗದ ವಸ್ತುವೊಂದರ ಪರಿಚಯವಾಗಬೇಕು. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಗೋದಲಿ ಮಾಡಿದಾಗ ಇದ್ದದ್ದು ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ಬಣ್ಣದ ಸೀರಿಯಲ್ ಲೈಟು ಇಲ್ಲದಿದ್ದರೂ ಗೋದಲಿ ಪೂರ್ತಿಯೇ. 24ರ ರಾತ್ರಿಯವರೆಗೆ ಬಾಲಯೇಸುವಿನ ಜಾಗ ಮಾತ್ರ ಖಾಲಿ ಇರಲಿ.

ಆಗಮನ ಕಾಲದ ಭಾನುವಾರಗಳಿಗೆಂದು ಇಡುವ ನಾಲ್ಕು ಮೇಣದಬತ್ತಿಯ ವೃತ್ತವನ್ನು ದುಡ್ಡು ಕೊಟ್ಟು ತರಬೇಕಿಲ್ಲ. 1839ರಲ್ಲಿ ಹ್ಯಾಂಬರ್ಗಿನ ಅನಾಥ ಮಕ್ಕಳ ಆಶ್ರಮದಲ್ಲಿ ದೇವಶಾಸ್ತ್ರಜ್ಞ ಯೋಹಾನ್ ಹಿನ್‌ರಿಶ್ ವಿಖರ್ನ್ ಗಾಡಿಯ ಚಕ್ರವೊಂದಕ್ಕೆ ಮೇಣದಬತ್ತಿ ನಿಲ್ಲಿಸಿ ಮಕ್ಕಳಿಗೆ ದಿನ ಎಣಿಸಲು ಕಲಿಸಿದರು. ನಮಗೆ ಸ್ಟೀಲ್ ತಟ್ಟೆ, ಮಾವಿನ ಸೊಪ್ಪು ಸಾಕು. ಭಾನುವಾರಕ್ಕೊಂದು ಹೆಚ್ಚು ಹಚ್ಚಿ ಎರಡು ನಿಮಿಷ ಎಲ್ಲರೂ ಮೊಬೈಲ್ ಕೆಳಗಿಟ್ಟು ಕೂತರಾಯಿತು.

ಓದುವವರಿಗೆ ಲೂಕನ ಶುಭಸಂದೇಶವಿದೆ. ಅದರಲ್ಲಿ 24 ಅಧ್ಯಾಯ. ದಿನಕ್ಕೊಂದರಂತೆ ಡಿಸೆಂಬರ್ 1ಕ್ಕೆ ಶುರು ಮಾಡಿದರೆ 24ಕ್ಕೆ ಮುಗಿಯುತ್ತದೆ. ಮೊದಲ ಅಧ್ಯಾಯದಲ್ಲೇ 80 ವಚನ, ಅಲ್ಲಿಗೆ ಸುಸ್ತಾಗಿ ನಿಲ್ಲಿಸಬೇಡಿ.

ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತುವವರು ಜಪಸರವನ್ನು ಜೇಬಿನಲ್ಲೇ ಹಿಡಿಯಬಹುದು. ವಿಜಯನಗರ, ಹೊಸಹಳ್ಳಿ, ಮಾಗಡಿ ರಸ್ತೆ, ರೈಲು ನಿಲ್ದಾಣ ದಾಟಿ ಮೆಜೆಸ್ಟಿಕ್ ಬರುವಷ್ಟರಲ್ಲಿ ಹತ್ತು ಮಣಿಗಳ ಎರಡು ಮೂರು ದಶಕ ಸಲೀಸಾಗಿ ಮುಗಿಯುತ್ತವೆ. ಜಪಸರದೊಂದಿಗೆ ಧ್ಯಾನಿಸುವ ಸಂತೋಷದ ರಹಸ್ಯಗಳಲ್ಲಿ ಎರಡನೆಯದು ಮರಿಯ ಬೆಟ್ಟದ ಸೀಮೆಗೆ ಅವಸರವಾಗಿ ಹೊರಟು ಎಲಿಜಬೇತಳನ್ನು ಕಂಡದ್ದು. ಪ್ರಯಾಣದಲ್ಲಿರುವವರಿಗೆ ಇದಕ್ಕಿಂತ ಹತ್ತಿರದ ಧ್ಯಾನ ಬೇರೆ ಬೇಕೆ?

ಡಿಸೆಂಬರ್ 16ರ ಹೊತ್ತಿಗೆ ಧನುರ್ಮಾಸವೂ ಶುರು. ಪಕ್ಕದ ಮನೆಯವರು ಚಳಿಯಲ್ಲೇ ಮಿಂದು ನಸುಕಿಗೆ ದೇವಸ್ಥಾನಕ್ಕೆ ಹೊರಡುತ್ತಾರೆ. ಕ್ಯಾಥೊಲಿಕರ ಕ್ರಿಸ್‌ಮಸ್ ನೊವೆನಾ ಕೂಡ 16ರಿಂದ 24ರವರೆಗೆ. ಆ ಒಂಬತ್ತು ದಿನ ಅವರ ಗೇಟು ಸದ್ದಾದಾಗಲೇ ನಾವೂ ಎದ್ದರೆ, ಮನೆ ಗಿಜಿಗುಡುವ ಮೊದಲೇ ಕಾಲು ಗಂಟೆ ನಮ್ಮದಾಗುತ್ತದೆ.

ಕೊನೆಗೊಂದು ಮಾತು. ಹಬ್ಬದ ಖರ್ಚಿನಲ್ಲಿ ಒಂದು ಪಾಲನ್ನು ಮೊದಲ ಭಾನುವಾರವೇ ಡಬ್ಬಿಯೊಂದರಲ್ಲಿ ತೆಗೆದಿಡಿ. ಕುಷ್ಠರೋಗಕ್ಕೆ ತುತ್ತಾದವರಿಗೆ ಬದುಕು ಕಟ್ಟಿಕೊಡುವ ಸುಮನಹಳ್ಳಿ ಇಲ್ಲಿಂದ ದೂರವಿಲ್ಲ. ಕೇಕ್ ಕತ್ತರಿಸುವ ಮುನ್ನ ಆ ಡಬ್ಬಿ ಹಿಡಿದು, ಮಕ್ಕಳನ್ನೂ ಕರೆದುಕೊಂಡು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ.