ಸೂರಿನಡಿಯ ಸಾಲ, ಊರೊಳಗಿನ ದುಡ್ಡು

ತಿಪಟೂರು ಎಂದರೆ ಕೊಬ್ಬರಿ ಹರಾಜು. ಆದರೆ ಪಟ್ಟಣದಾಚೆಯ ಹಳ್ಳಿಯೊಂದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೆಂಟ್ರಿಂಗ್ ಶೀಟುಗಳ ಯಜಮಾನಿ. ಮಾರನೆಯ ದಿನ ಮೋಲ್ಡ್ ಹಾಕಬೇಕಿದ್ದ ಮನೆಯ ಮುಂದೆ ನಿಂತು ಶೀಟು, ಜಾಕಿಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. "ಲೆಕ್ಕ ತಪ್ಪಿದ್ರೆ ನಮ್ ಮನೆಗೇ ಬರ್ತದೆ ಸಾರ್" ಅಂದರು. ಮಾತಿಗೆ ಅಂದದ್ದಲ್ಲ. ಆ ಕಬ್ಬಿಣವೆಲ್ಲ ಬಂದದ್ದು ಅವರ ವಾಸದ ಮನೆಯನ್ನು ಬ್ಯಾಂಕಿಗೆ ಅಡ ಇಟ್ಟು ತಂದ ಸಾಲದಿಂದ.

ಈ ಶೀಟುಗಳ ಬದುಕನ್ನು ಸ್ವಲ್ಪ ಹೇಳಲೇಬೇಕು. ಮೊದಲು ಸರ್ವೆ ಕಂಬ, ಹಲಗೆಗಳಿದ್ದ ಜಾಗದಲ್ಲಿ ಈಗ ಕಬ್ಬಿಣ ನಿಂತಿದೆ. ಮೈಗೆ ಹಳೆ ಎಂಜಿನ್ ಆಯಿಲ್ ಬಳಿದುಕೊಂಡು ಒಂದರ ಪಕ್ಕ ಒಂದು ಕೂರುತ್ತವೆ. ಮೇಲೆ ಕಂಬಿ, ಅದರ ಮೇಲೆ ಕಾಂಕ್ರೀಟು. ಹರವು ದೊಡ್ಡದಿದ್ದರೆ ಕನಿಷ್ಠ ಎರಡು ವಾರ ಜಾಕಿ ಕದಲಿಸುವಂತಿಲ್ಲ. ಆಮೇಲೆ ಬಿಚ್ಚಿ, ಅಂಟಿದ ಸಿಮೆಂಟು ಕೆರೆದು, ಸೊಟ್ಟಗಾದದ್ದನ್ನು ಬಡಿದು ನೆಟ್ಟಗೆ ಮಾಡಿ, ಮುಂದಿನ ಮನೆಗೆ. ಮನೆ ಮುಗಿದ ಮೇಲೆ ಅವುಗಳ ಗುರುತೇ ಉಳಿಯುವುದಿಲ್ಲ. ಆದರೆ ಬಾಡಿಗೆ ಮಾತ್ರ ಊರಲ್ಲೇ ಉಳಿಯುತ್ತದೆ: ಕೆರೆಯುವ ಹುಡುಗರ ಕೂಲಿ, ಸಾಗಿಸುವ ಟ್ರ್ಯಾಕ್ಟರ್, ಬಡಿಯುವ ವೆಲ್ಡಿಂಗ್ ಅಂಗಡಿ.

ಮನೆ ಕಟ್ಟುವ ದುಡ್ಡೆಲ್ಲ ಹೀಗಲ್ಲ. ಸಿಮೆಂಟು, ಕಬ್ಬಿಣ, ಟೈಲ್ಸ್‌ಗೆ ಕೊಟ್ಟದ್ದು ಅಂಗಡಿಯವರ ಲಾಭ ಬಿಟ್ಟರೆ ಊರು ದಾಟಿಬಿಡುತ್ತದೆ. ಗಾರೆ ಕೆಲಸ, ಬಾರ್ ಬೆಂಡಿಂಗ್, ಮರಗೆಲಸ, ವೈರಿಂಗ್, ಸುಣ್ಣಬಣ್ಣದ ಕೂಲಿ ಮಾತ್ರ ಅಲ್ಲೇ ದಿನಸಿಯಾಗಿ, ಶಾಲೆ ಫೀಜಾಗಿ ತಿರುಗುತ್ತದೆ.

ಆ ಯಜಮಾನಿಗೆ ಸಿಕ್ಕಂಥ ಸಾಲ ಹಳ್ಳಿಗೆ ಹೊಸದು. ಗೃಹಸಾಲದ ಚರಿತ್ರೆ ಬಹುಕಾಲ ನಗರದ ಸಂಬಳದಾರರದ್ದೇ ಆಗಿತ್ತು. 1970ರಲ್ಲಿ ಹುಡ್ಕೊ, 1977ರಲ್ಲಿ ಎಚ್‌ಡಿಎಫ್‌ಸಿ, 1987ರಲ್ಲಿ ನಮ್ಮ ಕೆನರಾ ಬ್ಯಾಂಕ್ ಹುಟ್ಟಿಸಿದ ಕ್ಯಾನ್ ಫಿನ್ ಹೋಮ್ಸ್. ಹಳ್ಳಿಮನೆ ಎಷ್ಟು ಗಟ್ಟಿಯಾಗಿದ್ದರೂ ಬ್ಯಾಂಕಿನವರು ಒಪ್ಪುವ ಕಾಗದ ಇರುತ್ತಿರಲಿಲ್ಲ. 2013ರಲ್ಲಿ ಪಂಚಾಯ್ತಿ ಆಸ್ತಿಗಳ ಇ-ಸ್ವತ್ತು ವ್ಯವಸ್ಥೆ ಬಂದ ಮೇಲೆ ನಮೂನೆ 9, 11ಎ ಪತ್ರಗಳು ಕೈಗೆ ಸಿಗತೊಡಗಿದವು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನುಗಳು ಗ್ರಾಮಠಾಣಗಳನ್ನು ಅಳೆಯತೊಡಗಿದವು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ಕಾಗದ ಕೊಟ್ಟರೆ ಬಡವರ ಮನೆಯೇ ಬಂಡವಾಳವಾಗುತ್ತದೆ ಎಂದು ಪೆರುವಿನ ಅರ್ಥಶಾಸ್ತ್ರಜ್ಞ ಹೆರ್ನಾಂಡೊ ಡಿ ಸೊಟೊ 2000ದಲ್ಲಿ ಪುಸ್ತಕವನ್ನೇ ಬರೆದರು. ನನಗೆ ಅಷ್ಟು ನಂಬಿಕೆಯಿಲ್ಲ. ಅವರ ದೇಶದಲ್ಲೇ ಹಕ್ಕುಪತ್ರ ಹಂಚಿದ ಮೇಲೂ ಖಾಸಗಿ ಬ್ಯಾಂಕುಗಳ ಸಾಲ ಅಷ್ಟೇನೂ ಏರಲಿಲ್ಲ. ಆದದ್ದು ಬೇರೆ: ಮನೆ ಕಾಯುವ ಅಗತ್ಯ ತಪ್ಪಿ ಜನ ಹೊರಗೆ ಹೆಚ್ಚು ಹೊತ್ತು ದುಡಿಯುವಂತಾಯಿತು. ಅಮೆರಿಕದವರು ಮನೆಯ ಬೆಲೆ ಏರುತ್ತಲೇ ಇರುತ್ತದೆಂದು ಅದರ ಮೇಲೆ ಸಾಲ ಎತ್ತಿ ಖರ್ಚು ಮಾಡಿದ್ದರ ಫಲವನ್ನು 2008ರಲ್ಲಿ ಜಗತ್ತೇ ಉಂಡಿತು. ನಮ್ಮಲ್ಲೂ ಮನೆ ಅಡ ಇಟ್ಟು ಮದುವೆ ಮಾಡಿದವರಿದ್ದಾರೆ. ಛತ್ರ, ಒಡವೆಗೆ ಹೋದ ಸಾಲಕ್ಕೆ ಕಂತು ಕಟ್ಟುವ ದುಡಿಮೆ ಎಲ್ಲಿಂದ ಬರಬೇಕು? ಶೀಟಿಗೆ ಹೋದ ಸಾಲ ತನ್ನ ಕಂತನ್ನು ತಾನೇ ದುಡಿಯುತ್ತದೆ. ಆ ಯಜಮಾನಿಯ ಪುಸ್ತಕದ ಕೊನೆಯ ಪುಟಗಳಲ್ಲಿ ಕಂತಿನ ಲೆಕ್ಕವಿತ್ತು. ಮಳೆಗಾಲದಲ್ಲಿ ಕಟ್ಟಡಗಳು ನಿಂತಾಗ ಕಷ್ಟ. ಬೇಸಿಗೆಯ ಬಾಡಿಗೆಯಲ್ಲೇ ಅದಕ್ಕೆಂದು ತೆಗೆದಿಡುತ್ತಾರೆ.

ಅದೇ ಊರಲ್ಲಿ, ಗ್ರಾಮಠಾಣದ ಗೆರೆಯಾಚೆ ಗಾರೆ ಮೇಸ್ತ್ರಿಯೊಬ್ಬರ ಮನೆಯಿದೆ. ಅವರೇ ಕಟ್ಟಿಕೊಂಡ ಆರ್‌ಸಿಸಿ ಮನೆ, ಬಿರುಕಿಲ್ಲದ ಗೋಡೆ. 11ಎ ಇಲ್ಲದ್ದರಿಂದ ಬ್ಯಾಂಕಿನಲ್ಲಿ ಅದಕ್ಕೆ ಬೆಲೆಯಿಲ್ಲ. ಕಾಂಕ್ರೀಟು ಕಲೆಸುವ ಸ್ವಂತ ಮಿಲ್ಲರ್ ಕೊಳ್ಳುವ ಆಸೆಗೆ ಹೆಂಡತಿಯ ಹೆಸರಲ್ಲಿ ಮೈಕ್ರೊಫೈನಾನ್ಸ್ ಸಾಲ ತಂದರು. ದುಡ್ಡು ಸಾಲಲಿಲ್ಲ, ವಾರದ ಕಂತು ಮಾತ್ರ ತಪ್ಪಲಿಲ್ಲ. ಈಗಲೂ ಮೋಲ್ಡ್ ದಿನ ಮಿಲ್ಲರ್ ಅರಸೀಕೆರೆಯಿಂದಲೇ ಬರಬೇಕು, ಬಾಡಿಗೆಯೂ ಅತ್ತಲೇ ಹೋಗುತ್ತದೆ.