ಜಪಾನಿಯ ‘ಮಸು’ ಪ್ರತ್ಯಯ: ಗೌರವ ಸಲ್ಲುವುದು ಯಾರಿಗೆ?

ಜಪಾನಿ ಭಾಷೆಯ ಪಠ್ಯಪುಸ್ತಕಗಳು ‘ಮಸು’ ಪ್ರತ್ಯಯವುಳ್ಳ ಕ್ರಿಯಾರೂಪವನ್ನು ಸಾಮಾನ್ಯವಾಗಿ ‘ಗೌರವರೂಪ’ವೆಂದೇ ಪರಿಚಯಿಸುತ್ತವೆ. ಕನ್ನಡ ಬಲ್ಲ ಓದುಗರಿಗೆ ಈ ಮಾತು ಸಹಜವಾಗಿಯೇ ‘ಬಂದರು’, ‘ಹೋದರು’ ಎಂಬ ಗೌರವಾರ್ಥಕ ಬಹುವಚನವನ್ನು ನೆನಪಿಸುತ್ತದೆ. ಈ ಸಮೀಕರಣವು ಸರಿಯಲ್ಲವೆಂಬುದನ್ನೂ ‘ಮಸು’ವಿಗೆ ಹತ್ತಿರವಾದ ರೂಪವೊಂದು ಕನ್ನಡದಲ್ಲಿ ಬೇರೆಡೆ ಇದೆಯೆಂಬುದನ್ನೂ ನಾವಿಲ್ಲಿ ತೋರಿಸಬಯಸುತ್ತೇವೆ.

‘ಅಮೆ ಗ ಫುರಿಮಸು’ ಎಂದರೆ ‘ಮಳೆ ಬರುತ್ತದೆ’ ಎಂದರ್ಥ. ಇಲ್ಲಿ ಗೌರವವು ಮಳೆಗೆ ಸಲ್ಲುವುದಿಲ್ಲ, ಕೇಳುಗನಿಗೆ ಸಲ್ಲುತ್ತದೆ. ‘ತಿನ್ನು’ ಎಂಬರ್ಥದ ಕ್ರಿಯಾಪದದ ಭೂತಕಾಲದ ನಾಲ್ಕು ರೂಪಗಳು ಇದನ್ನು ಸ್ಪಷ್ಟಪಡಿಸುತ್ತವೆ. ‘ತಬೆತ’ ಎಂಬುದರಲ್ಲಿ ಯಾರಿಗೂ ವಿಶೇಷ ಗೌರವವಿಲ್ಲ. ‘ತಬೆಮಶಿತ’ ಕೇಳುಗನನ್ನಷ್ಟೇ ಗೌರವಿಸುತ್ತದೆ. ತಮ್ಮನು ತಿಂದನೆಂದು ಅಪರಿಚಿತರಿಗೆ ಹೇಳುವಾಗ ಇದು ತಕ್ಕ ರೂಪ. ‘ಮೆಶಿಅಗತ್ತ’ ಕರ್ತೃವನ್ನಷ್ಟೇ ಗೌರವಿಸುತ್ತದೆ. ಗುರುಗಳು ತಿಂದರೆಂದು ಗೆಳೆಯನಿಗೆ ಹೇಳಲು ಇದು ಸಾಕು. ‘ಮೆಶಿಅಗರಿಮಶಿತ’ ಇಬ್ಬರನ್ನೂ ಗೌರವಿಸುತ್ತದೆ. ಹೀಗೆ ಕರ್ತೃಗೌರವ ಮತ್ತು ಶ್ರೋತೃಗೌರವಗಳು ಪರಸ್ಪರ ಸ್ವತಂತ್ರವಾದ ಎರಡು ಅಕ್ಷಗಳು.

ಕನ್ನಡದ ‘-ಅರು’ ಮೊದಲನೆಯ ಅಕ್ಷಕ್ಕೆ ಸೇರಿದೆ. ಎರಡನೆಯ ಅಕ್ಷವನ್ನು ಉತ್ತರ ಕರ್ನಾಟಕದ ಆಡುನುಡಿಯ ‘-ರೀ’ಯಲ್ಲಿ ಕಾಣಬಹುದು. ‘ಮಳಿ ಬಂತ್ರೀ’ ಎಂಬಲ್ಲಿಯೂ ಗೌರವವು ಮಳೆಗಲ್ಲ. ‘ಬಂದಾನ’, ‘ಬಂದಾನ್ರೀ’, ‘ಬಂದಾರ’, ‘ಬಂದಾರ್ರೀ’ ಎಂಬ ನಾಲ್ಕು ರೂಪಗಳು ಜಪಾನಿಯ ಮೇಲಿನ ನಾಲ್ಕು ರೂಪಗಳಿಗೆ ಕ್ರಮವಾಗಿ ಸಂವಾದಿಯಾಗಿವೆ.

ಆದರೆ ಈ ಹೋಲಿಕೆಗೆ ಮಿತಿಯುಂಟು. ‘ಮಸು’ ಕಾಲವಾಚಕ ಪ್ರತ್ಯಯಕ್ಕಿಂತ ಮೊದಲು ಬರುತ್ತದೆ. ‘-ರೀ’ ಪದದ ತುದಿಯಲ್ಲಿ ನಿಲ್ಲುತ್ತದೆ ಮತ್ತು ‘ಯಾಕ್ರೀ’ ಎಂಬಲ್ಲಿ ಕಾಣುವಂತೆ ಕ್ರಿಯಾಪದವಲ್ಲದ ಪದಗಳಿಗೂ ಹತ್ತುತ್ತದೆ. ವಿಶೇಷಣವಾಕ್ಯದ ಒಳಗೆ ‘-ರೀ’ ಬರುವುದಿಲ್ಲ, ‘ಮಸು’ ಅತಿ ಔಪಚಾರಿಕ ಮಾತನ್ನು ಬಿಟ್ಟರೆ ವಿರಳ. ‘ಗುರುಗಳು ತಿಂದ ಮೀನು’ ಎಂಬಲ್ಲಿ ಕನ್ನಡದ ಕೃದಂತವು ಕರ್ತೃಗೌರವವನ್ನೂ ಕಳೆದುಕೊಳ್ಳುತ್ತದೆ. ಜಪಾನಿಯ ‘ಸೆನ್ಸೇ ಗ ಮೆಶಿಅಗತ್ತ ಸಕನ’ದಲ್ಲಿ ಅದು ಉಳಿಯುತ್ತದೆ. ಜಪಾನಿಯ ಕರ್ತೃಗೌರವವು ಲಿಂಗವಚನಗಳ ಅನ್ವಯವನ್ನು ಅವಲಂಬಿಸಿಲ್ಲವೆಂಬುದು ಇದಕ್ಕೆ ಕಾರಣ.

ಈ ಎರಡು ಅಕ್ಷಗಳ ನಡುವಿನ ಗಡಿ ಐತಿಹಾಸಿಕವಾಗಿ ಸ್ಥಿರವಲ್ಲ. ‘ಮಸು’ವಿನ ಮೂಲವನ್ನು ಮೇಲಿನವರಿಗೆ ಅರ್ಪಿಸುವುದನ್ನು ಸೂಚಿಸುತ್ತಿದ್ದ ‘ಮೈರಸು’ ಎಂಬ ವಿನಯವಾಚಕ ಕ್ರಿಯಾಪದದಲ್ಲಿ ಗುರುತಿಸಲಾಗಿದೆ. ವಾಕ್ಯದೊಳಗಿನ ವ್ಯಕ್ತಿಗೆ ಸಲ್ಲುತ್ತಿದ್ದ ಗೌರವವು ಕಾಲಕ್ರಮದಲ್ಲಿ ಕೇಳುಗನತ್ತ ಸರಿದಿದೆ. ‘ಇತದಕು’ ಎಂಬ ನಿತ್ಯಬಳಕೆಯ ಪದದ ಚರಿತ್ರೆಯೂ ಗಮನಾರ್ಹ. ತಲೆಯ ಮೇಲಿರಿಸಿಕೊಳ್ಳುವುದು ಅದರ ಮೂಲಾರ್ಥ. ಅಲ್ಲಿಂದ ‘ವಿನಯದಿಂದ ಪಡೆ’, ‘ಉಣ್ಣು’ ಎಂಬ ಅರ್ಥಗಳು ಬಂದಿವೆ. ನಮ್ಮ ‘ಶಿರಸಾವಹಿಸು’ ಇದೇ ದೈಹಿಕ ಚಿತ್ರದಿಂದ ಹೊರಟರೂ ಅದು ಆಜ್ಞೆಯನ್ನು ಒಪ್ಪುವ ಅರ್ಥದಲ್ಲಿ ನೆಲೆಗೊಂಡಿದೆ.

ಜಪಾನಿನ ಸಂಸ್ಕೃತಿ ಮಂಡಳಿಯು 2007ರ ಮಾರ್ಗಸೂಚಿಯಲ್ಲಿ ಗೌರವಭಾಷೆಯ ರೂಢಿಯ 3 ವಿಭಾಗಗಳನ್ನು 5ಕ್ಕೆ ವಿಸ್ತರಿಸಿತು. ವಿನಯರೂಪಗಳನ್ನು ಎರಡಾಗಿ ಸೀಳಿದ್ದು ಅದರ ಮುಖ್ಯ ಹೆಜ್ಜೆ: ಕ್ರಿಯೆಯು ತಲುಪುವ ವ್ಯಕ್ತಿಯನ್ನು ಗೌರವಿಸುವವು ಒಂದು ಬಗೆ, ಕೇಳುಗನನ್ನು ಗೌರವಿಸುವವು ಇನ್ನೊಂದು. ನಿಲ್ದಾಣಗಳಲ್ಲಿ ಕೇಳಿಬರುವ ‘ದೆನ್ಶ ಗ ಮೈರಿಮಸು’ (ರೈಲು ಬರುತ್ತಿದೆ) ಎಂಬ ಪ್ರಕಟಣೆಯು ಎರಡನೆಯ ಬಗೆಯದು. ವಿನಯವನ್ನು ತೋರುವುದು ರೈಲಲ್ಲ, ಪ್ರಯಾಣಿಕರೊಡನೆ ಮಾತಾಡುತ್ತಿರುವ ಸಂಸ್ಥೆ.

ಆದುದರಿಂದ ಜಪಾನಿ ಉದಾಹರಣೆಗಳಿಗೆ ಪದಶಃ ಟಿಪ್ಪಣಿ ಬರೆಯುವಾಗ ‘ಮಸು’ ಮತ್ತು ‘ಮೆಶಿಅಗರು’ ಎರಡಕ್ಕೂ ‘ಗೌರವ’ವೆಂಬ ಒಂದೇ ಗುರುತನ್ನು ಹಚ್ಚುವುದು ಉಚಿತವಲ್ಲ. ಹಾಗೆ ಮಾಡಿದರೆ ‘ಮಸು’ವನ್ನು ಕನ್ನಡದ ‘-ಅರು’ವಿನೊಡನೆ ಹೋಲಿಸುವ ದೋಷಕ್ಕೆ ದತ್ತಾಂಶವೇ ಆಧಾರ ಒದಗಿಸಿದಂತಾಗುತ್ತದೆ, ‘-ರೀ’ಯೊಡನೆ ಮಾಡಬೇಕಾದ ಹೋಲಿಕೆಯೂ ಕಣ್ಮರೆಯಾಗುತ್ತದೆ. ಕರ್ತೃಗೌರವ, ಶ್ರೋತೃಗೌರವಗಳೆಂಬ ಪ್ರತ್ಯೇಕ ಗುರುತುಗಳನ್ನು ಬಳಸುವುದು ಎರಡೂ ಭಾಷೆಗಳ ವಿವರಣೆಗೆ ಅಗತ್ಯವೆಂದು ನಾವು ಭಾವಿಸುತ್ತೇವೆ.